ಮಕ್ಕಳೂ ಆಟದ ವೀಡಿಯೋಗಳೂ

ಕಳೆದ ದಸರೆಯ ರಜೆಯಲ್ಲಿ ನಾವು ಮೈಸೂರಿನ ಬಂಧುಗಳ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆವು. ಆ ಮನೆಯಲ್ಲಿ ಆರು ವರ್ಷದ ಹುಡುಗನೊಬ್ಬನಿರುವನು. ಹಗಲೆಲ್ಲ ಚುರುಕಾಗಿ ಓಡಾಡುವ ಬಾಲಕನು ಕತ್ತಲಾಯಿತೆಂದರೆ ತಾಯಿಯ ಸೆರಗನ್ನು ಬಿಡನು. ಹಿತ್ತಲ ಬಚ್ಚಲಿಗೆ ಒಬ್ಬನೇ ಹೋಗಲೊಲ್ಲನು. ನಡುರಾತ್ರಿ ಎಚ್ಚತ್ತು, ಮಂಚದ ಕೆಳಗೆ ನೋಡಬೇಕೆಂದು ಅಳುವನು. ಮನೆಯವರು ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು, ಜಂತುಹುಳುವಿನ ಔಷಧವನ್ನೂ ಕುಡಿಸಿದರು. ಮೂರನೆಯ ದಿನ ಅವನ ಕೈಯಲ್ಲಿದ್ದ ಮೊಬೈಲನ್ನು ನಾವು ಬಗ್ಗಿ ನೋಡಿದಾಗ ಕಾರಣವು ತಿಳಿಯಿತು. ನೀಲಿ ತುಪ್ಪಳದ, ಉದ್ದ ತೋಳುಗಳ ಗೊಂಬೆಯೊಂದು ಪಾಳುಬಿದ್ದ ಕಾರ್ಖಾನೆಯ ಕತ್ತಲೆಯ ಓಣಿಗಳಲ್ಲಿ ಯಾರನ್ನೋ ಅಟ್ಟಿಸಿಕೊಂಡು ಬರುತ್ತಿತ್ತು. ಕೆಂಪು ತುಟಿ ತೆರೆದರೆ ಒಳಗೆ ಸಾಲುಸಾಲಾಗಿ ಹಲ್ಲು. ಆಡುತ್ತಿದ್ದವನಾರೋ ಗಂಟಲು ಹರಿಯುವಂತೆ ಕಿರುಚುತ್ತಿದ್ದನು.

"ಅದೇನು ಮಹಾ, ಗೊಂಬೆಯಲ್ಲವೆ?" ಎಂದಳು ತಾಯಿ. "ಜಾತ್ರೆಯಲ್ಲಿ ಅಂಥದನ್ನೇ ಕೊಡಿಸಿದ್ದೇವಲ್ಲ!"

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಹುಡುಗನು ಆ ಆಟವನ್ನು ಒಂದು ದಿನವೂ ಆಡಿದವನಲ್ಲ. ಮತ್ತೊಬ್ಬರು ಆಡುವುದನ್ನು ನೋಡಿದವನು. ಆಟದ ಹೆಸರು ಪಾಪಿ ಪ್ಲೇಟೈಮ್. ಅದರ ಮೊದಲ ಭಾಗವು ಹೊರಬಂದುದು ೨೦೨೧ರ ಅಕ್ಟೋಬರಿನಲ್ಲಿ. ಹೆದರಿಸುವುದಕ್ಕಾಗಿಯೇ ರಚಿತವಾದ ಆಟವದು. ಹಾಗೆಂದು ಅದನ್ನು ಮಾಡಿದವರೂ ಮುಚ್ಚಿಟ್ಟಿಲ್ಲ. ಅದನ್ನು ಆಡಬೇಕಾದರೆ ಯಂತ್ರವೂ ಕೈಚಳಕವೂ ಬೇಕು. ನೋಡುವುದಕ್ಕಾದರೋ ಒಂದು ಬೆರಳು ಸಾಕು. "ನಮ್ಮ ಮಗು ಗೇಮ್ ಆಡುವುದೇ ಇಲ್ಲ, ಬರಿಯ ವೀಡಿಯೋ ನೋಡುತ್ತದೆ" ಎಂದು ಸಮಾಧಾನಪಟ್ಟುಕೊಳ್ಳುವ ತಾಯಿತಂದೆಗಳು ನಮ್ಮ ಓದುಗರಲ್ಲಿಯೂ ಅನೇಕರಿರಬಹುದು. ಈ ಲೇಖನವು ಅವರಿಗಾಗಿ.

ಇತರರ ಆಟವನ್ನು ನೋಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಜಗಲಿಯ ಮೇಲೆ ಚೌಕಾಬಾರ ನಡೆದಾಗ ಆಡುವವರು ನಾಲ್ವರಾದರೆ ಸುತ್ತ ಕುಳಿತು ಕಾಯಿ ನಡೆಸಲು ಬುದ್ಧಿ ಹೇಳುವವರು ಎಂಟು ಮಂದಿ. ಕ್ರಿಕೆಟ್ಟಿನ ಮಾತಂತೂ ಬೇಡ. ಆಟಗಾರನ ಜಾಣ್ಮೆಯನ್ನು ಕಂಡು ಹಿಗ್ಗುವುದು, ಮುಂದಿನ ನಡೆಯನ್ನು ಊಹಿಸುವುದು, ಅವನು ಎಡವಿದರೆ ನಗುವುದು, ಇವೆಲ್ಲ ಮನುಷ್ಯನ ಸಹಜವಾದ ಸಂತೋಷಗಳು. ಆದರೆ ಜಗಲಿಯ ಆಟದ ಸುತ್ತ ಕುಳಿತವರು ಯಾರೆಂದು ಮನೆಯವರಿಗೆ ಗೊತ್ತಿರುತ್ತಿತ್ತು. ಬಾಯಿ ಹೊಲಸಾದವನನ್ನು ಅಜ್ಜನು ಗದರಿ ಎಬ್ಬಿಸಿಬಿಡುತ್ತಿದ್ದನು.

ಅನೇಕರು ಆಟದ ಹೆಸರನ್ನು ನೋಡಿಯೇ ವೀಡಿಯೋದ ಯೋಗ್ಯತೆಯನ್ನು ನಿಶ್ಚಯಿಸುವರು. ಆಟಗಳಿಗೆ ವಯಸ್ಸಿನ ಮುದ್ರೆಯೊತ್ತುವ ಏರ್ಪಾಡು ಅಮೆರಿಕೆಯಲ್ಲಿ ೧೯೯೪ರಿಂದಲೂ ಯೂರೋಪಿನಲ್ಲಿ ೨೦೦೩ರಿಂದಲೂ ನಡೆದುಬಂದಿದೆ. ಮೈನ್‌ಕ್ರಾಫ್ಟ್ ಎಂಬ ಆಟವನ್ನೇ ತೆಗೆದುಕೊಳ್ಳೋಣ. ಸ್ವೀಡನ್ ದೇಶದಲ್ಲಿ ಹುಟ್ಟಿ ೨೦೧೧ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾದ ಇದಕ್ಕೆ ಯೂರೋಪಿನ ಮುದ್ರೆಯು ೭ ವರ್ಷ. ಚೌಕಾಕಾರದ ಮಣ್ಣು, ಕಲ್ಲು, ಮರಗಳನ್ನು ಅಗೆದು ತಂದು ಮನೆ ಕಟ್ಟುವುದೇ ಅದರ ಮುಖ್ಯ ವಿನೋದ. ಇಂಗ್ಲೆಂಡಿನ ಜೋಸೆಫ್ ಗ್ಯಾರೆಟ್ ಎಂಬವನು ಸ್ಟ್ಯಾಂಪಿ ಎಂಬ ಬೆಕ್ಕಿನ ವೇಷದಲ್ಲಿ ಈ ಆಟವನ್ನು ಆಡಿ ತೋರಿಸುತ್ತ ವರ್ಷಗಟ್ಟಲೆ ಮಕ್ಕಳನ್ನು ನಗಿಸಿದನು. ತನ್ನ ಆ ದೀರ್ಘಮಾಲೆಯನ್ನು ೨೦೨೩ರಲ್ಲಿ ಮುಗಿಸಿದನು. ಅವನ ಬಾಯಿಂದ ಕೆಟ್ಟ ಮಾತು ಬಾರದೆಂಬ ಭರವಸೆಯು ತಾಯಿತಂದೆಗಳಿಗಿತ್ತು. ಅದೇ ಮೈನ್‌ಕ್ರಾಫ್ಟನ್ನು ಇನ್ನೊಬ್ಬನು ಆಡುತ್ತ ಸೋತಾಗಲೆಲ್ಲ ಅವಾಚ್ಯವಾಗಿ ಬಯ್ಯಬಹುದು. ಗೆಳೆಯನು ಕಟ್ಟಿದ ಮನೆಗೆ ಬೆಂಕಿಯಿಟ್ಟು ಗಹಗಹಿಸಬಹುದು. ಮುದ್ರೆಯಿರುವುದು ಆಟಕ್ಕೆ, ಆಡುವವನ ನಾಲಗೆಗೆ ಯಾರೂ ಮುದ್ರೆಯೊತ್ತಿಲ್ಲ.

ಆದಕಾರಣ ನಾವು ಕಂಡುಕೊಂಡ ಉಪಾಯವು ಬಹು ಸರಳವಾದುದು, ಖರ್ಚಿಲ್ಲದ್ದು. ವೀಡಿಯೋವನ್ನು ಮೊದಲು ನೋಡಬೇಡಿರಿ, ಕೇಳಿರಿ. ಕಿವಿಗೆ ಹಾಕುವ ತಂತಿಯನ್ನು ಮಗುವಿನಿಂದ ತೆಗೆದಿರಿಸಿ, ಧ್ವನಿಯು ಅಡುಗೆಮನೆಗೆ ಮುಟ್ಟುವಂತೆ ಮಾಡಿರಿ. ಚಪಾತಿ ಲಟ್ಟಿಸುತ್ತಲೇ ಕಾಲುಗಂಟೆ ಕಿವಿಗೊಟ್ಟರೆ ಆಡುವವನ ಸ್ವಭಾವವು ತಾನಾಗಿ ಬಯಲಾಗುವುದು. ಚಿತ್ರವು ಬಣ್ಣಬಣ್ಣವಾಗಿ ಕಣ್ಣನ್ನು ಮರುಳುಮಾಡೀತು. ದನಿಯು ಅಷ್ಟು ಸುಲಭವಾಗಿ ಮೋಸಗೊಳಿಸದು. ಅವನು ಸೋತಾಗ ಏನೆನ್ನುವನು? ಜೊತೆಗಾರನನ್ನು ಹೇಗೆ ಕರೆಯುವನು? ಹೆಂಗಸರ ವಿಷಯದಲ್ಲಿ ಹಗುರವಾದ ಮಾತುಂಟೆ? ನಿಮಿಷಕ್ಕೊಮ್ಮೆ ಕಿರುಚುವನೆ, ಅಥವಾ ತಾನು ಮಾಡುತ್ತಿರುವುದನ್ನು ವಿವರಿಸುವನೆ? ನಾವು ಹೇಳಿದ ಹುಡುಗನು ತನ್ನ ಎಪ್ಪತ್ತು ವರ್ಷದ ಅಜ್ಜನನ್ನು ಒಂದು ದಿನ "ಬ್ರೋ" ಎಂದು ಕರೆದನಂತೆ. ಅಜ್ಜನು ಅದು ಯಾವುದೋ ಇಂಗ್ಲಿಷ್ ಗೌರವಪದವಿರಬೇಕೆಂದು ಸಂತೋಷಪಟ್ಟನು!

ನೇರಪ್ರಸಾರದ ವೀಡಿಯೋಗಳ ವಿಷಯದಲ್ಲಿ ಮಾತ್ರ ಕಿವಿಯೊಂದೇ ಸಾಲದು. ಆಡುವವನು ಸಭ್ಯನಾಗಿದ್ದರೂ ಪಕ್ಕದಲ್ಲಿ ಗುರುತಿಲ್ಲದ ಜನರ ಬರೆಹಗಳು ಹೊಳೆಯಂತೆ ಹರಿಯುತ್ತಿರುವುವು. ಮುಂದೆ ಬರುವ ಮಾತನ್ನು ಮೊದಲೇ ತಿದ್ದುವವರು ಅಲ್ಲಿ ಇರುವರೆಂದು ನಂಬುವಂತಿಲ್ಲ. ಓದಲು ಬಾರದ ಮಗುವಿಗೆ ಇದರಿಂದ ಕೇಡಿಲ್ಲವೆನ್ನಬಹುದು. ಆದರೆ ಓದಲು ಕಲಿತೊಡನೆ ಮಗು ಮೊದಲು ಓದುವುದು ಕಣ್ಣಿಗೆ ಬಿದ್ದುದನ್ನೇ ಅಲ್ಲವೆ? ಚಿಕ್ಕ ಮಕ್ಕಳಿಗೆ ನೇರಪ್ರಸಾರವು ಬೇಡವೇ ಬೇಡವೆಂಬುದು ನಮ್ಮ ಅಭಿಪ್ರಾಯ.

ಹಣದ ಮಾತು ಇನ್ನೊಂದು. ಕೆಲವು ವೀಡಿಯೋಗಳಲ್ಲಿ ಆಟವೆಂಬುದು ನೆಪಮಾತ್ರ. ಆಟದೊಳಗಿನ ವಜ್ರಗಳನ್ನೋ ಉಡುಪುಗಳನ್ನೋ ಸಾವಿರಾರು ರೂಪಾಯಿ ತೆತ್ತು ಕೊಂಡು, ಚಕ್ರ ತಿರುಗಿಸಿ, ಅಪರೂಪದ ವಸ್ತು ಬಂದಿತೆಂದು ಕುಣಿಯುವುದೇ ಅಲ್ಲಿಯ ಕಥೆ. ಹಣ ಪಣವಿಟ್ಟಾಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೆ ಆಟದೊಳಗಿನ ಅಂಗಿ ಟೊಪ್ಪಿಗೆಗಳನ್ನು ಕೊಳ್ಳುವ ಚಪಲವು ಬೇರೆಯದು. ಅದನ್ನು ಮಗುವಿನಲ್ಲಿ ಬಿತ್ತುವ ವೀಡಿಯೋವನ್ನು ಮನೆಯವರೇ ಗುರುತಿಸಬೇಕು. ನೋಡಿ ಮುಗಿಸಿದ ಮಗು ಏನನ್ನು ಕೇಳುವುದೆಂದು ಗಮನಿಸಿರಿ. "ನಾನೂ ಅಂಥ ಕೋಟೆ ಕಟ್ಟುವೆ" ಎಂದರೆ ಒಂದು ಬಗೆ; "ಅಪ್ಪಾ, ಐನೂರು ರೂಪಾಯಿ ಹಾಕು" ಎಂದರೆ ಇನ್ನೊಂದು ಬಗೆ.

"ಮಕ್ಕಳಿಗಾಗಿ" ಎಂಬ ಚೀಟಿಯಿದ್ದರೆ ಸಾಲದೆ ಎಂದು ಕೆಲವರು ಕೇಳುವರು. ಈ ಚೀಟಿಯ ಇತಿಹಾಸವನ್ನು ತಿಳಿಯುವುದು ಒಳ್ಳೆಯದು. ಮಕ್ಕಳ ವಿವರಗಳನ್ನು ತಾಯಿತಂದೆಗಳ ಒಪ್ಪಿಗೆಯಿಲ್ಲದೆ ಸಂಗ್ರಹಿಸಿ ಜಾಹೀರಾತಿಗೆ ಬಳಸಿದರೆಂಬ ಆರೋಪದ ಮೇಲೆ ಗೂಗಲ್ ಮತ್ತು ಯೂಟ್ಯೂಬ್ ಕಂಪೆನಿಗಳು ೨೦೧೯ರಲ್ಲಿ ಅಮೆರಿಕೆಯಲ್ಲಿ ೧೭ ಕೋಟಿ ಡಾಲರುಗಳನ್ನು ತೆರಲು ಒಪ್ಪಿದುವು. ೨೦೨೦ರ ಜನವರಿಯಿಂದ ವೀಡಿಯೋ ಹಾಕುವವನೇ ಅದು ಮಕ್ಕಳಿಗಾಗಿ ಮಾಡಿದುದೋ ಅಲ್ಲವೋ ಎಂದು ತಿಳಿಸಬೇಕಾಯಿತು. ಹಾಗೆ ಗುರುತಾದ ವೀಡಿಯೋದ ಕೆಳಗೆ ಜನರು ಟೀಕೆ ಬರೆಯುವಂತಿಲ್ಲ. ನೋಡುಗನ ಅಭಿರುಚಿಯನ್ನು ಬೆನ್ನಟ್ಟುವ ಜಾಹೀರಾತೂ ಇಲ್ಲ. ಇದು ಉಪಕಾರವೇ ಸರಿ. ಆದರೆ ಚೀಟಿಯು ಹೇಳುವುದು ಯಾರಿಗಾಗಿ ಮಾಡಿದ್ದೆಂದು, ಒಳ್ಳೆಯದೆಂದು ಹೇಳುವುದಿಲ್ಲ. ಮಕ್ಕಳ ಅಚ್ಚುಮೆಚ್ಚಿನ ಕಾರ್ಟೂನ್ ಪಾತ್ರಗಳನ್ನು ಬಳಸಿ ಭಯಾನಕವೂ ಅಶ್ಲೀಲವೂ ಆದ ವೀಡಿಯೋಗಳನ್ನು ಹಬ್ಬಿಸಿದ್ದು ೨೦೧೭ರಲ್ಲಿ ಬಯಲಾದಾಗ, ಅಂಥವು ಮಕ್ಕಳಿಗೆಂದೇ ಮೀಸಲಾದ ಯೂಟ್ಯೂಬ್ ಕಿಡ್ಸ್‌ನೊಳಗೂ ನುಸುಳಿದ್ದುವು.

ಹಾಗೆಂದು ಯೂಟ್ಯೂಬ್ ಕಿಡ್ಸನ್ನು ತಳ್ಳಿಹಾಕಬೇಕಾಗಿಲ್ಲ. ಅದರಲ್ಲಿ ವಯಸ್ಸಿನ ಮೂರು ವಿಭಾಗಗಳಿವೆ. ಗೇಮಿಂಗ್ ವೀಡಿಯೋಗಳ ಹೆಸರನ್ನು ಕಂಪೆನಿಯವರು ಎತ್ತುವುದು ೯ರಿಂದ ೧೨ ವರ್ಷದವರ ವಿಭಾಗದಲ್ಲಿ. ಇದನ್ನು ಐದಾರು ವರ್ಷದ ಮಕ್ಕಳ ತಾಯಂದಿರು ನೆನಪಿನಲ್ಲಿಡುವುದು ಮೇಲು. ಇನ್ನೂ ಉತ್ತಮವಾದ ಸೌಕರ್ಯವೊಂದು ಅಲ್ಲಿಯೇ ಉಂಟು. ಹಿರಿಯರು ತಾವೇ ನೋಡಿ ಒಪ್ಪಿದ ವೀಡಿಯೋಗಳು ಹೊರತು ಬೇರಾವುದೂ ಕಾಣದಂತೆ ಕಟ್ಟುಮಾಡಬಹುದು; ಹುಡುಕುವ ಕಿಂಡಿಯನ್ನೂ ಮುಚ್ಚಬಹುದು. ಒಂದು ಮುಗಿದೊಡನೆ ಮತ್ತೊಂದು ತಾನಾಗಿ ಓಡುವುದನ್ನಂತೂ ಮೊದಲು ನಿಲ್ಲಿಸಬೇಕು. ನಮ್ಮ ಬಂಧುಗಳ ಮೊಬೈಲಿನಲ್ಲಿ ನೋಡಿದ ವೀಡಿಯೋಗಳ ಪಟ್ಟಿಯನ್ನು ತೆರೆದೆವು. ಮೊದಲನೆಯದು ರೈಲುಗಾಡಿಯ ಆಟ, ಎರಡನೆಯದು ಗೊಂಬೆಗಳ ಅಂಗಡಿ, ನಾಲ್ಕನೆಯದು ನೀಲಿ ಗೊಂಬೆಯ ಹಾಡು, ಒಂಬತ್ತನೆಯದು ಆ ಕಾರ್ಖಾನೆಯ ಓಣಿ. ಮಗು ಕೇಳಿದ್ದು ರೈಲುಗಾಡಿಯನ್ನು ಮಾತ್ರ. ಪಟ್ಟಿಯನ್ನು ಓದುತ್ತಿದ್ದಂತೆ ತಾಯಿಯ ಮುಖವು ಸಣ್ಣದಾಯಿತು. ನಾವು ಅವಳನ್ನು ದೂರಲಿಲ್ಲ. ಬೆಳಗ್ಗೆ ಆರಕ್ಕೆ ಎದ್ದು ಅತ್ತೆಮಾವಂದಿರ ಕೆಲಸ ಮುಗಿಸಿ, ಕಛೇರಿಗೆ ಹೋಗಿ ಬಂದು, ಒಲೆಯ ಮುಂದೆ ನಿಲ್ಲುವ ಹೆಂಗಸು ಅರ್ಧ ಗಂಟೆಯ ನಿಶ್ಶಬ್ದಕ್ಕಾಗಿ ಮೊಬೈಲನ್ನು ಕೊಟ್ಟಿದ್ದಳು. ಅದೇ ಹೊತ್ತಿನಲ್ಲಿ ಮಗುವಿನ ತಂದೆಯು ಪಕ್ಕದ ಕೋಣೆಯಲ್ಲಿ ತನ್ನ ಮೊಬೈಲನ್ನು ನೋಡುತ್ತಿದ್ದನೆಂಬುದನ್ನೂ ಇಲ್ಲಿ ಹೇಳದೆ ಬಿಟ್ಟರೆ ಅನ್ಯಾಯವಾದೀತು.

ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಭಾರತೀಯ ಮಕ್ಕಳ ವೈದ್ಯರ ಸಂಘವು ೨೦೨೨ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ ಉತ್ತರವುಂಟು: ಎರಡು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತರವರೆಗೆ ಎರಡು ಗಂಟೆಗಿಂತ ಕಡಮೆ. ನಿಲ್ಲಿಸೆಂದಾಗ ಮಗು ಹೇಗೆ ನಿಲ್ಲಿಸುವುದೆಂಬುದನ್ನೂ ನೋಡಬೇಕು. ಒಳ್ಳೆಯ ಕಥೆ ಮುಗಿದಾಗ ಮಗು ಸ್ವಲ್ಪ ಗೊಣಗುವುದು ಸಹಜ. ಕೈಕಾಲು ಬಡಿದು, ಕಂಡವರನ್ನು ಕಚ್ಚುವಷ್ಟು ಕೆರಳಿದರೆ ಆ ವೀಡಿಯೋದ ವೇಗ ಮತ್ತು ಗದ್ದಲಗಳು ಅದರ ಎಳೆಯ ಮನಸ್ಸಿಗೆ ಮಿಗಿಲಾದುವೆಂದು ನಾವು ತಿಳಿಯುವೆವು.

ಸಂಕ್ರಾಂತಿಗೆ ಎಳ್ಳು ಬೀರುವ ನೆಪದಲ್ಲಿ ಮತ್ತೆ ಆ ಮನೆಗೆ ಹೋಗಿದ್ದೆವು. ಜಾತ್ರೆಯ ನೀಲಿ ಗೊಂಬೆಯನ್ನು ಅಟ್ಟದ ಮೇಲಿಟ್ಟಿದ್ದರಂತೆ. ಅದು ರಾತ್ರಿ ಇಳಿದು ಬಂದೀತೆಂದು ಹುಡುಗನು ಮತ್ತೂ ಹೆಚ್ಚು ಅತ್ತುದರಿಂದ ಹೊರಗೆ ಕೊಟ್ಟುಬಿಟ್ಟರು. ಬಚ್ಚಲ ದೀಪವು ಈಗಲೂ ರಾತ್ರಿಯೆಲ್ಲ ಉರಿಯುವುದು. ಭಯವನ್ನು ಹೊಗಿಸುವಷ್ಟು ಬೇಗ ಹೊರಡಿಸಲಾಗದು. ಸಂಜೆ ಅಜ್ಜಿಯೂ ಮೊಮ್ಮಗನೂ ಒಟ್ಟಿಗೆ ಕುಳಿತು, ತಾಯಿಯು ಆರಿಸಿಕೊಟ್ಟ ಮೈನ್‌ಕ್ರಾಫ್ಟಿನ ವೀಡಿಯೋವನ್ನು ನೋಡುತ್ತಿದ್ದರು. ಅಜ್ಜಿಗೆ ಕಣ್ಣು ಮಂಜು. ಅವನು ಒಂದೊಂದನ್ನೂ ಬಿಡಿಸಿ ಹೇಳಬೇಕಾಗಿತ್ತು.

"ಇದೇನೋ ಪುಟ್ಟಾ, ಕುರಿ ಪೆಟ್ಟಿಗೆಯ ಹಾಗಿದೆ?" ಎಂದು ಅಜ್ಜಿ ಕೇಳಿದರು.

"ಅದರ ಊರಿನಲ್ಲಿ ಎಲ್ಲವೂ ಹಾಗೇ ಅಜ್ಜೀ," ಎಂದನು ಹುಡುಗ. "ಸೂರ್ಯನೂ ಚೌಕ."