ಕುಟುಂಬ ನ್ಯಾಯಾಲಯವೂ ಹೊರನಾಡ ಕನ್ನಡಿಗರೂ

ಕಾಶಿಯ ದಶಾಶ್ವಮೇಧ ಘಟ್ಟದಿಂದ ದಕ್ಷಿಣಕ್ಕೆ, ಗಂಗೆಯ ದಡವನ್ನು ಅನುಸರಿಸಿ ಹಬ್ಬಿರುವ ಇಕ್ಕಟ್ಟಾದ ಗಲ್ಲಿಗಳಿಗೆ ಬಂಗಾಲಿ ಟೋಲಾ ಎಂದು ಹೆಸರು. ಹೆಸರೇ ಹೇಳುವಂತೆ ಇದು ವಂಗದೇಶದಿಂದ ಬಂದು ನೆಲಸಿದವರ ಕೇರಿ. ಆದರೆ ಜಂಗಮವಾಡಿ ಮಠವೂ ದಕ್ಷಿಣದವರು ಹೆಚ್ಚಾಗಿ ತಂಗುವ ಕೇದಾರ ಘಟ್ಟ, ಹನುಮಾನ್ ಘಟ್ಟಗಳೂ ಸಮೀಪದಲ್ಲಿಯೇ ಇರುವುದರಿಂದ ಕನ್ನಡದ ಮಾತು ಇಲ್ಲಿ ತೀರ ಅಪರೂಪವಲ್ಲ. ಒಂದು ಕಾಲದಲ್ಲಿ ಇಲ್ಲಿಯ ಅಕ್ಕಪಕ್ಕದ ಮನೆಗಳನ್ನು ಬೇರೆ ಬೇರೆ ಶಾಸ್ತ್ರಗಳು ಆಳುತ್ತಿದ್ದುವು. ಬಂಗಾಲಿಯ ಮನೆಗೆ ಜೀಮೂತವಾಹನನ ದಾಯಭಾಗವಾದರೆ, ಕನ್ನಡಿಗನ ಮನೆಗೆ ವಿಜ್ಞಾನೇಶ್ವರನ ಮಿತಾಕ್ಷರ. ಊರು ಬಿಟ್ಟು ಬಂದ ಕುಟುಂಬವು, ತೊರೆದಿತೆಂದು ಸಿದ್ಧಪಡದ ಹೊರತು, ತನ್ನ ಶಾಸ್ತ್ರವನ್ನು ಜೊತೆಯಲ್ಲಿಯೇ ತರುವುದೆಂಬ ತತ್ತ್ವವನ್ನು ಬ್ರಿಟಿಷರ ಕಾಲದ ನ್ಯಾಯಸ್ಥಾನಗಳು ಒಪ್ಪಿದ್ದುವು. 1955 ಮತ್ತು 1956ರ ಹಿಂದೂ ಶಾಸನಗಳಿಂದ ಈ ಭೇದವು ಬಹುಮಟ್ಟಿಗೆ ಅಳಿಯಿತು. ನಾವು ಇಂದು ಊರಿನಿಂದ ಜೊತೆಗೆ ತರುವುದು ಕಾನೂನನ್ನಲ್ಲ, ಭಾಷೆಯನ್ನು. ಇಂದಿನ ಕುಟುಂಬ ನ್ಯಾಯಾಲಯವಾದರೋ ವ್ಯಾಜ್ಯಗಾರರ ಸ್ವಂತ ಮಾತಿನ ಮೇಲೆಯೇ ನಿಂತ ಸಂಸ್ಥೆ. ಅದರ ಸ್ವರೂಪವನ್ನೂ ಅದು ಹೊರನಾಡಿನವರಿಗೆ ಒಡ್ಡುವ ತೊಡಕನ್ನೂ ಸಂಗ್ರಹವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಗಂಡಹೆಂಡಿರ ಜಗಳವನ್ನು ನ್ಯಾಯಸ್ಥಾನವು ಕೈಗೆತ್ತಿಕೊಳ್ಳಬಹುದೆ ಎಂಬ ಪ್ರಶ್ನೆ ಹೊಸದಲ್ಲ. ಗುರುಶಿಷ್ಯರು, ತಂದೆಮಕ್ಕಳು, ದಂಪತಿಗಳು, ಒಡೆಯ ಆಳುಗಳು ಇವರೊಳಗಿನ ವಿರೋಧದಲ್ಲಿ ವ್ಯವಹಾರವು ಸಲ್ಲದೆಂದು ಒಂದು ಸ್ಮೃತಿವಚನವುಂಟು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಬಾಳಿದ ವಿಜ್ಞಾನೇಶ್ವರನು ಈ ವಚನಕ್ಕೆ ಹೇಳಿದ ಅರ್ಥ ಗಮನಾರ್ಹವಾದುದು. ಇಂಥ ವ್ಯಾಜ್ಯಗಳಿಂದ ಶ್ರೇಯಸ್ಸಿಲ್ಲವೆಂದು ರಾಜನು ಸಭ್ಯರೊಡನೆ ಮೊದಲು ಅವರನ್ನು ತಡೆಯಬೇಕು. ಅವರು ಬಿಡದೆ ನಿರ್ಬಂಧಿಸಿದರೆ ವ್ಯವಹಾರವನ್ನು ನಡೆಸಲೇಬೇಕು. ಪತಿಯು ಸ್ತ್ರೀಧನವನ್ನು ಆಪತ್ತಿಲ್ಲದ ಕಾಲದಲ್ಲಿ ತೆಗೆದುಕೊಂಡು, ಶಕ್ತಿಯಿದ್ದೂ ಹಿಂದಿರುಗಿಸದಿರುವುದು ಅವನು ಕೊಡುವ ಒಂದು ನಿದರ್ಶನ. ಸಂಧಾನ ಮೊದಲು, ಆದರೆ ಬಾಗಿಲು ಮುಚ್ಚತಕ್ಕದ್ದಲ್ಲ ಎಂಬುದು ಇದರ ತಾತ್ಪರ್ಯ.

ಸ್ವತಂತ್ರ ಭಾರತವು ಇದೇ ಕ್ರಮಕ್ಕೆ ಬೇರೊಂದು ದಾರಿಯಿಂದ ಬಂದಿತು. ಕುಟುಂಬದ ವ್ಯಾಜ್ಯಗಳಲ್ಲಿ ಸಾಮಾನ್ಯ ಸಿವಿಲ್ ದಾವೆಯ ರೀತಿಯನ್ನು ಬಿಡಬೇಕೆಂದು ಕಾನೂನು ಆಯೋಗವು 1974ರ ತನ್ನ 59ನೆಯ ವರದಿಯಲ್ಲಿ ಒತ್ತಿಹೇಳಿತು. 1976ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಇದಕ್ಕಾಗಿಯೇ ಒಂದು ಆದೇಶವನ್ನು ಸೇರಿಸಿದರೂ ನ್ಯಾಯಾಲಯಗಳು ಹಳೆಯ ಜಾಡನ್ನು ಬಿಡಲಿಲ್ಲ. ಆಗ ಹುಟ್ಟಿದುದು 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮ. 10 ಲಕ್ಷಕ್ಕೆ ಮೀರಿದ ಜನಸಂಖ್ಯೆಯ ಪ್ರತಿಯೊಂದು ನಗರಕ್ಕೂ ರಾಜ್ಯ ಸರ್ಕಾರವು ಉಚ್ಚ ನ್ಯಾಯಾಲಯದೊಡನೆ ಸಮಾಲೋಚಿಸಿ ಒಂದನ್ನು ಸ್ಥಾಪಿಸಲೇಬೇಕು, ಉಳಿದೆಡೆ ಸ್ಥಾಪಿಸಬಹುದು. 2011ರ ಜನಗಣತಿಯಲ್ಲಿ ಸುಮಾರು 12 ಲಕ್ಷ ಜನರಿದ್ದ ವಾರಾಣಸಿಯಲ್ಲಿಯೂ ಇಂಥ ನ್ಯಾಯಾಲಯವುಂಟು.

ರಾಷ್ಟ್ರದ ನ್ಯಾಯವ್ಯವಸ್ಥೆಯಲ್ಲಿ ಇದರ ಸ್ಥಾನ ಜಿಲ್ಲಾ ನ್ಯಾಯಾಲಯದ ಸಮಾನವಾದುದು. ವಿವಾಹದ ಸಿಂಧುತ್ವ, ವಿಚ್ಛೇದನ, ನ್ಯಾಯಿಕ ಪ್ರತ್ಯೇಕವಾಸ, ದಂಪತಿಗಳೊಳಗಿನ ಸ್ವತ್ತು, ಮಕ್ಕಳ ಪಾಲನೆ, ಜೀವನಾಂಶ ಇವೆಲ್ಲ ಇದರ ವ್ಯಾಪ್ತಿಗೆ ಸೇರಿವೆ. ಮೊದಲು ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತಿದ್ದ ಜೀವನಾಂಶದ ಅರ್ಜಿಗಳೂ ಇಲ್ಲಿಗೇ ಬರುತ್ತವೆ. ಯಾವ ಮತದವರಿಗೂ ನ್ಯಾಯಾಲಯ ಇದೇ. ಅನ್ವಯವಾಗುವ ವೈಯಕ್ತಿಕ ಕಾನೂನು ಮಾತ್ರ ಬೇರೆ. ಅಣ್ಣತಮ್ಮಂದಿರ ಪಾಲುಪಾರೀಕತ್ತು ಇಲ್ಲಿಗೆ ಬರುವುದಿಲ್ಲ. ಕ್ರೌರ್ಯ, ವರದಕ್ಷಿಣೆಯ ಅಪರಾಧಗಳ ವಿಚಾರಣೆ ಕ್ರಿಮಿನಲ್ ನ್ಯಾಯಾಲಯಗಳದು. ಇಲ್ಲಿಯ ತೀರ್ಪಿನ ಮೇಲೆ 30 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲುತ್ತದೆ. ಕನಿಷ್ಠ ಇಬ್ಬರು ನ್ಯಾಯಾಧೀಶರ ಪೀಠವು ಅದನ್ನು ಕೇಳುತ್ತದೆ. ಉಭಯರೂ ಒಪ್ಪಿ ಪಡೆದ ಡಿಕ್ರಿಯ ಮೇಲೆ ಮೇಲ್ಮನವಿಯಿಲ್ಲ. ಆದಕಾರಣ ಒಪ್ಪಿಗೆಯ ಪತ್ರಕ್ಕೆ ರುಜು ಹಾಕುವ ಮುನ್ನ ಅದರ ಒಂದೊಂದು ಮಾತನ್ನೂ ಅರಿತಿರಬೇಕು.

ಇದರ ವೈಶಿಷ್ಟ್ಯವಿರುವುದು ಕಾರ್ಯವಿಧಾನದಲ್ಲಿ. 9ನೆಯ ಕಲಮಿನಂತೆ ನ್ಯಾಯಾಧೀಶರು ಮೊದಲು ಸಂಧಾನಕ್ಕೆ ಯತ್ನಿಸಬೇಕು. ಅದಕ್ಕೆ ಸಲಹೆಗಾರರ ನೆರವುಂಟು. ಒಂದು ಪಕ್ಷದವರು ಬಯಸಿದರೂ ಸಾಕು, ವಿಚಾರಣೆಯು ಗುಪ್ತವಾಗಿ ನಡೆಯಬೇಕು. ಸಾಕ್ಷ್ಯಶಾಸ್ತ್ರದ ಕಟ್ಟುನಿಟ್ಟು ಸಡಿಲವಾಗಿದೆ. ಎಲ್ಲಕ್ಕಿಂತ ಮುಖ್ಯವಾದುದು 13ನೆಯ ಕಲಮು: ವಕೀಲರ ಮೂಲಕ ವಾದಿಸುವುದು ಇಲ್ಲಿ ಹಕ್ಕಲ್ಲ. ನ್ಯಾಯಾಲಯವು ಅನುಮತಿ ಕೊಡಬಹುದು, ಕೊಡುವುದೂ ಉಂಟು. ಆದರೆ ನೊಂದವರು ತಮ್ಮ ಮಾತನ್ನು ತಾವೇ ಹೇಳಿಕೊಳ್ಳಬೇಕೆಂಬುದೇ ಶಾಸನದ ಆಶಯ.

ಸಂಧಾನದ ಮಿತಿಯನ್ನು ಇಲ್ಲಿ ಮರೆಯಲಾಗದು. ಹೊಡೆತ ತಾಳಲಾರದೆ ಬಂದವಳಿಗೆ ಹೊಂದಿಕೊಂಡು ಬಾಳೆಂದು ಮತ್ತೆ ಮತ್ತೆ ಬುದ್ಧಿ ಹೇಳುವುದು ಸಂಧಾನವಲ್ಲ, ನ್ಯಾಯದ ನಿರಾಕರಣೆ. ಪ್ರಕರಣದ ಸ್ವಭಾವಕ್ಕೂ ಸನ್ನಿವೇಶಕ್ಕೂ ಹೊಂದುವಷ್ಟು ಮಟ್ಟಿಗೆ ಮಾತ್ರವೇ ಯತ್ನಿಸಬೇಕೆಂದು ಅದೇ 9ನೆಯ ಕಲಮು ಹೇಳುತ್ತದೆ. ವಿಜ್ಞಾನೇಶ್ವರನ ಸ್ತ್ರೀಧನದ ನಿದರ್ಶನವನ್ನು ನೆನೆದರೆ ಈ ಎಚ್ಚರಿಕೆಯ ಬೆಲೆ ತಿಳಿಯುತ್ತದೆ.

ಜೀವನಾಂಶದ ವಿಚಾರದಲ್ಲಿ ಬ್ಯಾಂಕಿನ ವೃತ್ತಿಯವನಾಗಿ ಒಂದು ಮಾತು. ಗಂಡನ ಆದಾಯವೆಷ್ಟೆಂದು ಹೆಂಡತಿಗೆ ಗೊತ್ತಿಲ್ಲದ ಸಂಸಾರಗಳು ವಿದ್ಯಾವಂತರಲ್ಲಿಯೂ ಹೇರಳ. 2020ರಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದ ಮೂಲಕ ಬಯಲುಮಾಡಬೇಕೆಂದೂ, ಜೀವನಾಂಶವು ಅರ್ಜಿಯ ದಿನದಿಂದಲೇ ಸಲ್ಲಬೇಕೆಂದೂ ವಿಧಿಸಿತು. ಖಾತೆಯ ಪುಸ್ತಕ, ಠೇವಣಿಯ ರಸೀದಿ, ವಿಮೆಯ ಪತ್ರ ಇವುಗಳ ನಕಲುಗಳನ್ನು ಮನೆಯ ಹೆಂಗಸರೂ ಇಟ್ಟುಕೊಂಡಿರುವುದು ಅಪನಂಬಿಕೆಯಲ್ಲ, ವಿವೇಕ.

ಇನ್ನು ಹೊರನಾಡಿನವರ ತೊಡಕು. ವರ್ಗವಾಗಿ ಉತ್ತರಕ್ಕೆ ಬಂದ ನೌಕರನ ಹೆಂಡತಿ ಸಂತೆಯ ಹಿಂದಿಯನ್ನು ಕಲಿತಿರಬಹುದು. ಆದರೆ ಮನಸ್ಸಿನ ನೋವನ್ನು ಹೇಳುವುದಕ್ಕೆ ಸಂತೆಯ ಮಾತು ಸಾಲದು. ಉತ್ತರ ಪ್ರದೇಶದ ಅಧೀನ ನ್ಯಾಯಾಲಯಗಳ ಭಾಷೆ ಹಿಂದಿ. ಸ್ವಂತ ಮಾತಿಗೆಂದು ತೆರೆದ ಬಾಗಿಲಿನಲ್ಲಿಯೇ ಆಕೆ ಮೂಕಳಾಗಿ ನಿಲ್ಲಬೇಕಾದೀತು.

ಇದಕ್ಕೆ ಕಾನೂನಿನಲ್ಲಿ ಕೆಲವು ಪರಿಹಾರಗಳಿವೆ. ಹಿಂದೂ ವಿವಾಹ ಅಧಿನಿಯಮಕ್ಕೆ 2003ರಲ್ಲಿ ಬಂದ ತಿದ್ದುಪಡಿಯಿಂದ, ಹೆಂಡತಿಯು ಅರ್ಜಿದಾರಳಾದರೆ ತಾನು ವಾಸವಾಗಿರುವ ಸ್ಥಳದಲ್ಲಿಯೇ ಅರ್ಜಿ ಹಾಕಬಹುದು. ಕಾಶಿಯ ಸಂಸಾರವನ್ನು ಬಿಟ್ಟು ಧಾರವಾಡದ ತವರಿನಲ್ಲಿ ನೆಲೆಸಿದವಳು ಧಾರವಾಡದಲ್ಲಿಯೇ ಕನ್ನಡದಲ್ಲಿ ಹೇಳಿಕೊಳ್ಳಬಹುದೆಂದಾಯಿತು. ಗಂಡನು ಮೊದಲೇ ಕಾಶಿಯಲ್ಲಿ ದಾವೆ ಹೂಡಿದ್ದರೆ, ಅದನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸುವಂತೆ ಸರ್ವೋಚ್ಚ ನ್ಯಾಯಾಲಯವನ್ನು ಬೇಡಬೇಕು. ಕಾಶೀವಾಸಕ್ಕೆಂದು ಬಂದ ವೃದ್ಧರ ಪಾಲಿಗೂ ಒಂದು ಅನುಕೂಲವಾಗಿದೆ. ಮಕ್ಕಳಿಂದ ಜೀವನಾಂಶ ಬೇಡುವ ತಂದೆತಾಯಿಗಳು ಮೊದಲು ಮಗನಿರುವ ಊರಿಗೇ ಹೋಗಬೇಕಾಗಿದ್ದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ತಾವಿರುವ ಜಿಲ್ಲೆಯಲ್ಲಿಯೇ ಅರ್ಜಿ ಕೊಡಬಹುದು. ಆದರೆ ಅವರು ಮಾತನಾಡಬೇಕಾದುದು ಮತ್ತೆ ಹಿಂದಿಯ ನ್ಯಾಯಾಲಯದಲ್ಲಿಯೇ.

ಇಲ್ಲಿಯೇ ನಮ್ಮ ಸಂಘಗಳಿಗೆ ಕೆಲಸವಿರುವುದು. ಸಮಾಜಕಲ್ಯಾಣದ ಸಂಸ್ಥೆಗಳನ್ನೂ ಕುಟುಂಬದ ಹಿತಕ್ಕಾಗಿ ದುಡಿಯುವ ವ್ಯಕ್ತಿಗಳನ್ನೂ ಕುಟುಂಬ ನ್ಯಾಯಾಲಯದೊಡನೆ ಸೇರಿಸಿಕೊಳ್ಳಲು 5ನೆಯ ಕಲಮು ಅವಕಾಶ ಕೊಟ್ಟಿದೆ. ಸಂಧಾನಕ್ಕಾಗಿ ತನ್ನದೇ ಕ್ರಮವನ್ನು ರೂಪಿಸಿಕೊಳ್ಳುವ ಅಧಿಕಾರವನ್ನು 10ನೆಯ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ. ಎರಡೂ ಭಾಷೆಗಳನ್ನು ಬಲ್ಲ, ಯಾವ ಪಕ್ಷಕ್ಕೂ ನಂಟರಲ್ಲದ, ಕೇಳಿದ ಗುಟ್ಟನ್ನು ಹೊರಗೆಡಹದ ನಾಲ್ಕೈದು ಮಂದಿ ಸ್ತ್ರೀಪುರುಷರ ಪಟ್ಟಿಯನ್ನು ಪ್ರತಿಯೊಂದು ನಗರದ ಕನ್ನಡ ಸಂಘವೂ ಸಿದ್ಧಪಡಿಸಿ, ದುಭಾಷಿಗಳ ಕೆಲಸಕ್ಕಾಗಿ ಅಲ್ಲಿಯ ಕುಟುಂಬ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ನಾವು ನಾಡಹಬ್ಬವನ್ನು ಆಚರಿಸುತ್ತೇವೆ, ಉಪನ್ಯಾಸಗಳನ್ನು ಏರ್ಪಡಿಸುತ್ತೇವೆ, ಅದೆಲ್ಲವೂ ಬೇಕಾದುದೇ. ಆದರೆ ಪರಸ್ಥಳದ ನ್ಯಾಯಾಲಯದಲ್ಲಿ ಒಬ್ಬಳು ಹೆಣ್ಣುಮಗಳು ತನ್ನ ಕಷ್ಟವನ್ನು ತನ್ನ ನುಡಿಯಲ್ಲಿ ಹೇಳಿ, ಅದು ಮಾರ್ಪಡದೆ ನ್ಯಾಯಾಧೀಶರ ಕಿವಿಗೆ ಮುಟ್ಟುವಂತಾದರೆ, ಅದೂ ಕನ್ನಡದ ಸೇವೆಯೇ.