ಸಂಘದ ಚಂದಾ ದಂಡವೇ?
ತಾಂಬರಂನ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿರುವ ಬಂಧುವೊಬ್ಬರು ಮೊನ್ನೆ ನಮ್ಮನ್ನು ಹೀಗೆ ಕೇಳಿದರು. ಅವರ ಮಗ ಗಿಂಡಿಯ ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಕಲಿಯುತ್ತಿದ್ದಾನೆ. ವಿದ್ಯಾರ್ಥಿ ಸಂಘ ಸೇರಬಯಸುತ್ತಾನೆ. ದಂಡವಲ್ಲವೆಂದೇ ನಮ್ಮ ಅಭಿಪ್ರಾಯ.

ಈ ಶಾಸ್ತ್ರವು ದುಡಿಯುವವರ ನಡುವೆಯೇ ಬೆಳೆದುದು. ಗಾರೆ ಕೆಲಸದಿಂದ ಮೇಲೆ ಬಂದ ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಮಹಾಶಯರು ಒಂದು ಇಟ್ಟಿಗೆಯಿಡಲು ಬೇಕಾದ 18 ಚಲನೆಗಳನ್ನು ಸುಮಾರು 5ಕ್ಕೆ ಇಳಿಸಿದರು. ಅಡಿಗೆಮನೆಗೂ ಮೇಜಿಗೂ ನಡುವೆ ಕಾಲು ಸವೆಸಿದ ನಮಗೆ ಇದರ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ.

1957ರಲ್ಲಿ ಸ್ಥಾಪಿತವಾದ ಇಂಡಿಯನ್ ಇನ್‌ಸ್ಟಿಟ್ಯೂಶನ್ ಆಫ್ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿ ಶಾಖೆಗಳನ್ನು ನಡೆಸುತ್ತದೆ. ಇಂತಹ ಸಂಘಗಳಿಂದ ಕಾರ್ಖಾನೆಗಳ ದರ್ಶನವೂ ಹಿರಿಯ ಎಂಜಿನಿಯರುಗಳ ಪರಿಚಯವೂ ಲಭಿಸುತ್ತವೆ. ಪರವೂರಿನಲ್ಲಿ ಶಿಫಾರಸಿಗೆ ಮಾವನಿಲ್ಲದ ಹುಡುಗನಿಗೆ ಸಂಘವೇ ಬಂಧುಬಳಗ.

ಚಂದಾ ಕಟ್ಟಿರಿ. ಮಗನು ಮೊದಲು ತಂದೆಯ ಹೆಜ್ಜೆಗಳನ್ನೇ ಎಣಿಸಿ ಕಡಿಮೆ ಮಾಡಲಿ.