ಬಜ್ಪೆಗೆ ಇಳಿಯುವ ವಿಮಾನದ ಎಣ್ಣೆಬಲ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರು ದುಬೈಗೆ ಹೊರಟರೆಂದರೆ ಮೊದಲು ಬಜ್ಪೆ ಮುಟ್ಟಬೇಕು. ಗುಡ್ಡದ ನೆತ್ತಿಯ ಮೇಲಿರುವ ಆ ನಿಲ್ದಾಣದ ದೊಡ್ಡ ರನ್‌ವೇ 2,450 ಮೀಟರ್ ಉದ್ದ. 2006ರಲ್ಲಿ ಬಳಕೆಗೆ ಬಂತು. ಅಲ್ಲಿ ಬೋಯಿಂಗ್ 737 ಇಳಿಯುವಾಗ ರೆಕ್ಕೆಯ ಪಕ್ಕದ ಕಿಟಕಿಯಲ್ಲಿ ಕೂತವರಿಗೆ ನೋಡಲು ಬೇಕಾದಷ್ಟಿದೆ. ಹಿಂದಂಚಿನ ಫ್ಲ್ಯಾಪ್‌ಗಳು ಹಂತಹಂತವಾಗಿ ಕೆಳಕ್ಕೆ ಚಾಚುತ್ತವೆ. ಕಾಲಡಿಯಲ್ಲಿ ಗಡಗಡ ಸದ್ದು ಮಾಡುತ್ತ ಗಾಲಿಗಳು ಹೊರಬರುತ್ತವೆ. ನೆಲ ಮುಟ್ಟಿದ್ದೇ ತಡ, ರೆಕ್ಕೆಯ ಮೇಲಿನ ಸ್ಪಾಯ್ಲರ್ ಹಲಗೆಗಳು ಎದ್ದು ನಿಂತು, ಎತ್ತುವ ಬಲವನ್ನು ಕಳೆದು, ವಿಮಾನದ ಭಾರವನ್ನು ಗಾಲಿಗಳ ಮೇಲೆ ಹಾಕುತ್ತವೆ. ಬ್ರೇಕ್‌ಗೆ ಹಿಡಿತ ಸಿಗುವುದು ಆಗ.

ಇಷ್ಟನ್ನೂ ಮಾಡಿಸುವುದು ಎಣ್ಣೆ.

ಬೆಳ್ತಂಗಡಿಯ ತೋಟದಲ್ಲಿ ಗುಡ್ಡೆ ಸಮತಟ್ಟು ಮಾಡುವ ಹಿಟಾಚಿಯ ಕೈ ಏಳುವುದೂ ಇದೇ ಬಲದಿಂದ. ಮುಚ್ಚಿದ ಕೊಳವೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಕುಂದದೆ ಎಲ್ಲ ಕಡೆಗೂ ಹಬ್ಬುತ್ತದೆ ಎಂದು 17ನೇ ಶತಮಾನದಲ್ಲಿ ಪಾಸ್ಕಲ್ ತೋರಿಸಿದ್ದ. 737ರಲ್ಲಿ ಈ ಒತ್ತಡ 3,000 ಪಿಎಸ್‌ಐ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 210 ಕಿಲೋ. ಹತ್ತು ಚದರ ಸೆಂಟಿಮೀಟರಿನ ಸಣ್ಣ ಪಿಸ್ಟನ್ ಕೂಡ ಎರಡು ಟನ್ ತಳ್ಳಬಲ್ಲದು. ಏರ್‌ಬಸ್ ಎ380ರಲ್ಲಿ ಒತ್ತಡ 5,000 ಪಿಎಸ್‌ಐ. ಹಾಗಾಗಿ ಸಣ್ಣ ಕೊಳವೆ, ಹಗುರ ಬಿಡಿಭಾಗಗಳೇ ಸಾಕಾಗುತ್ತವೆ.

ಎಣ್ಣೆಯೂ ಸಾಮಾನ್ಯದ್ದಲ್ಲ. ನೇರಳೆ ಬಣ್ಣದ ಈ ಫಾಸ್ಫೇಟ್ ಎಸ್ಟರ್ ದ್ರವಕ್ಕೆ ಸುಲಭದಲ್ಲಿ ಬೆಂಕಿ ಹತ್ತದು. ಕಾದ ಬ್ರೇಕ್‌ನ ಹತ್ತಿರ ಅದು ಮುಖ್ಯ. ಆದರೆ ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಉರಿ. ಮೆಕ್ಯಾನಿಕ್‌ಗಳು ಗ್ಲೌಸು, ಕನ್ನಡಕ ಹಾಕಿಕೊಂಡೇ ಕೆಲಸಕ್ಕಿಳಿಯುತ್ತಾರೆ.

ಇಷ್ಟೆಲ್ಲ ಬಲ ಒಂದೇ ಕೊಳವೆಯನ್ನು ನಂಬಿದ್ದರೆ ಒಂದು ಸೋರಿಕೆಯೇ ಸಾಕಿತ್ತು. ಅದಕ್ಕೇ 737ರಲ್ಲಿ ಎ, ಬಿ, ಸ್ಟ್ಯಾಂಡ್‌ಬೈ ಎಂಬ ಮೂರು ಪ್ರತ್ಯೇಕ ವ್ಯವಸ್ಥೆಗಳಿವೆ. ಎ ಮತ್ತು ಬಿಗೆ ಎಂಜಿನ್‌ನಿಂದ ತಿರುಗುವ ಪಂಪು ಒಂದೊಂದು, ವಿದ್ಯುತ್ ಪಂಪು ಒಂದೊಂದು. ಗಾಲಿ ಮಡಚುವುದು ಎ, ಫ್ಲ್ಯಾಪ್ ನಡೆಸುವುದು ಬಿ. ಬ್ರೇಕ್‌ಗೆ ಬಿ ಬಲ. ಅದು ಹೋದರೆ ಎ. ಎರಡೂ ಹೋದರೆ ಸಾರಜನಕ ತುಂಬಿದ ಅಕ್ಯುಮುಲೇಟರ್‌ನಲ್ಲಿ ಕೂಡಿಟ್ಟ ಒತ್ತಡ.

ಮೂರಿದ್ದರೂ ಸಾಲದೆ ಹೋದದ್ದುಂಟು. 1989ರ ಜುಲೈ 19ರಂದು ಅಮೆರಿಕದಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ 232ನೇ ಸಂಖ್ಯೆಯ ವಿಮಾನದ ಬಾಲದ ಎಂಜಿನ್ ಸಿಡಿದು, ಅದರ ಚೂರುಗಳು ಮೂರೂ ವ್ಯವಸ್ಥೆಗಳ ಕೊಳವೆಗಳನ್ನು ಕತ್ತರಿಸಿದವು. ಉಳಿದೆರಡು ಎಂಜಿನ್‌ಗಳ ವೇಗ ಹೆಚ್ಚುಕಡಿಮೆ ಮಾಡುತ್ತಲೇ ಪೈಲಟ್‌ಗಳು ಆ ಡಿಸಿ-10 ವಿಮಾನವನ್ನು ಸೂ ಸಿಟಿಯವರೆಗೆ ತಂದರು. ಒಳಗಿದ್ದ 296 ಮಂದಿಯಲ್ಲಿ 184 ಮಂದಿ ಬದುಕಿದರು. ಬಳಿಕ, ಸೋರಿಕೆ ಕಂಡೊಡನೆ ಮುಚ್ಚಿಕೊಳ್ಳುವ ಕವಾಟವನ್ನು ಡಿಸಿ-10ಗಳಿಗೆ ಕೂರಿಸಲಾಯಿತು.

737ರಲ್ಲಿ ಎಣ್ಣೆಯ ನೆರವಿಲ್ಲದ ದಾರಿಗಳೂ ಇವೆ. ಎ, ಬಿ ಎರಡೂ ಕೈಕೊಟ್ಟರೆ ಪೈಲಟ್ ತೋಳ್ಬಲದಿಂದಲೇ ಕೇಬಲ್ ಎಳೆದು ವಿಮಾನವನ್ನು ವಾಲಿಸಬಹುದು, ಮೂತಿ ಎತ್ತಿ ಇಳಿಸಬಹುದು. ಸ್ಟಿಯರಿಂಗ್ ಮಾತ್ರ ಬಹಳ ಭಾರ. ಗಾಲಿ ಹೊರಬಾರದಿದ್ದರೆ ಕಾಕ್‌ಪಿಟ್‌ನ ನೆಲದ ಮುಚ್ಚಳ ತೆರೆಯಬೇಕು. ಅಡಿಯಲ್ಲಿ ಗಾಲಿಗೊಂದರಂತೆ ಮೂರು ಹಿಡಿಗಳು. ಒಂದೊಂದನ್ನೇ ಎಳೆದಾಗ ಕೊಕ್ಕೆ ಬಿಟ್ಟು, ಗಾಲಿ ಸ್ವಂತ ಭಾರಕ್ಕೆ ಇಳಿದು ಲಾಕ್ ಆಗುತ್ತದೆ.